ಮೋಟಾರ್ ಸೈಕಲ್ಲಿಗೆ ಹೆಚ್ಚಿನ ದೀಪ: ಕಟ್ಟುವ ಮೊದಲು, ಕಟ್ಟಿದ ಮೇಲೆ

ಕೊನೆಕೊಯ್ಲು ಪ್ರಾರಂಭವಾಯಿತೆಂದರೆ ನಮ್ಮ ಕಾನಸೂರು ಸೀಮೆಯ ಬೆಳೆಗಾರನಿಗೆ ಹಗಲು ಸಾಲುವುದಿಲ್ಲ. ಬೆಳಿಗ್ಗೆ ತೋಟದಲ್ಲಿ ಕೊನೆಗೌಡರ ಹಿಂದೆ, ಮಧ್ಯಾಹ್ನ ಅಡಿಕೆ ಬೇಯಿಸುವ ಹಂಡೆಯ ಮುಂದೆ, ಆಮೇಲೆ ಶಿರಸಿಯಲ್ಲೋ ಸಿದ್ದಾಪುರದಲ್ಲೋ ವ್ಯಾಪಾರ, ಸಾಲದ ಕಾಗದಪತ್ರ, ಔಷಧದ ಅಂಗಡಿ. ಇದೆಲ್ಲ ಮುಗಿಸಿ ಮನೆಯ ಕಡೆ ಗಾಡಿ ತಿರುಗಿಸುವಾಗ ಕತ್ತಲೆಯಾಗಿರುತ್ತದೆ. ಕೊನೆಯ ಬಸ್ಸಿಗೆ ಕಾದು ನಿಲ್ಲುವ ಕಾಲ ಹೋಯಿತು. ಈಗ ಹೆಚ್ಚಿನ ಮನೆಗಳಲ್ಲಿ ಒಂದು ಮೋಟಾರ್ ಸೈಕಲ್ಲಾದರೂ ಇದೆ. ಆದರೆ ನಮ್ಮ ಮನೆಗಳು ಡಾಂಬರು ರಸ್ತೆಯ ಪಕ್ಕದಲ್ಲಿಲ್ಲ. ಡಾಂಬರು ಬಿಟ್ಟು ಮಣ್ಣಿನ ರಸ್ತೆಗೆ ಇಳಿದು, ಸೊಪ್ಪಿನ ಬೆಟ್ಟದ ನಡುವೆ ಹಾದು, ಹಳ್ಳದ ಸಂಕ ದಾಟಿ ತೋಟದ ತಲೆಯಲ್ಲಿರುವ ಮನೆಯನ್ನು ಮುಟ್ಟಬೇಕು. ದಾರಿಯಲ್ಲಿ ಕಾಡುಹಂದಿ ಅಡ್ಡ ಬರಬಹುದು. ಬಿಸಿಲಿಗೆ ಕಾದ ಡಾಂಬರಿನ ಮೇಲೆ ಬೆಚ್ಚಗೆ ಮಲಗಿದ ಎಮ್ಮೆ ಇದಕ್ಕಿಂತ ಅಪಾಯ. ಕಪ್ಪು ರಸ್ತೆಯ ಮೇಲೆ ಕಪ್ಪು ಎಮ್ಮೆ ಹತ್ತು ಮಾರು ದೂರಕ್ಕೆ ಬರುವ ತನಕ ಕಾಣುವುದಿಲ್ಲ.

ಹಾಗಾಗಿ ಗಾಡಿಗೆ ಇನ್ನೆರಡು ದೀಪ ಕಟ್ಟಿಸೋಣ ಎಂದು ಯಾರಿಗಾದರೂ ಅನಿಸುವುದು ಸಹಜ. ನನಗೂ ಅನಿಸಿತ್ತು. ಕಟ್ಟಿಸಿದೆ. ಅದರಿಂದ ಏನಾಯಿತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಬೇರೆಯವರ ತಪ್ಪನ್ನು ಹೇಳುವಷ್ಟು ಸುಲಭವಾಗಿ ನಮ್ಮ ತಪ್ಪನ್ನು ಹೇಳಲು ಬರುವುದಿಲ್ಲ.

ನಾಲ್ಕು ವರ್ಷದ ಹಿಂದಿನ ಡಿಸೆಂಬರ್ ತಿಂಗಳು. ಪೇಟೆಯ ಒಂದು ಗ್ಯಾರೇಜಿನಲ್ಲಿ ಗಾಡಿಯ ಮುಂದಿನ ಕಾಲುಗಾರ್ಡಿಗೆ ಎರಡು ಎಲ್.ಇ.ಡಿ. ದೀಪ ಹಾಕಿಸಿಕೊಂಡಿದ್ದೆ. ಹುಡುಗ ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿ, ಹೆಡ್‌ಲೈಟಿನ ವಾಯರಿಗೇ ಸೇರಿಸಿ ಟೇಪು ಸುತ್ತಿ ಕೊಟ್ಟ. ದೀಪ ನೆಟ್ಟಗೆ ಮುಂದಕ್ಕೆ ಇದ್ದವು. ಹಗಲಿನಲ್ಲಿ ನೋಡಿ ಸರಿಯಾಗಿದೆಯೆಂದು ಬಂದೆ. ಮೂರನೆಯ ದಿನ ಅರ್ಧ ಚೀಲ ಚಾಲಿ ಅಡಿಕೆಯನ್ನು ಹಿಂದೆ ಕಟ್ಟಿಕೊಂಡು ಹೊರಟಿದ್ದೆ. ತಿರುವು ಕಳೆದು ನೇರ ರಸ್ತೆಗೆ ಬರುವಷ್ಟರಲ್ಲಿ ಎದುರಿನಿಂದ ನಮ್ಮ ಕೇರಿಯವರೇ ಒಬ್ಬರು ಡೈರಿಗೆ ಹಾಲು ಕೊಟ್ಟು ಮೊಪೆಡ್ಡಿನಲ್ಲಿ ಬರುತ್ತಿದ್ದರು. ನನಗೆ ಅವರ ದೀಪ ಕಂಡಿತು, ಅವರಿಗೆ ನನ್ನ ದೀಪವಲ್ಲದೆ ಮತ್ತೇನೂ ಕಾಣಲಿಲ್ಲ. ಅವರು ಎಡಕ್ಕೆ ಸರಿದರು, ಸರಿದಲ್ಲಿ ಗಟಾರವಿತ್ತು. ಭುಜದ ಎಲುಬು ಮುರಿಯಿತು. ಆ ವರ್ಷದ ಕೊನೆಕೊಯ್ಲು ಪೂರ್ತಿ ಅವರು ಕೈಯನ್ನು ಕೊರಳಿಗೆ ಕಟ್ಟಿಕೊಂಡೇ ಕಳೆದರು. ನನಗೆ ಒಂದು ಮಾತನ್ನೂ ಆಡಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು.

ಮಾರನೆಯ ದಿನ ದೀಪ ಕಿತ್ತು ಮನೆಯಲ್ಲಿಟ್ಟೆ. ಮುಂದಿನ ಮಳೆಗಾಲದಲ್ಲಿ ಅವೇ ದೀಪಗಳನ್ನು ನಾನೇ ಕಟ್ಟಿದೆ. ಈ ನಡುವೆ ಕೇಳಿ, ಅಳೆದು, ಎರಡು ಫ್ಯೂಜು ಸುಟ್ಟು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ವಿದ್ಯುತ್ತಿನ ಲೆಕ್ಕ

ತೋಟಕ್ಕೆ ಪಂಪ್‌ಸೆಟ್ ಕೂರಿಸುವಾಗ ಬಾವಿಯ ಒಸರು ನೋಡದೆ ಪಂಪು ತರುವವರಿಲ್ಲ. ದೀಪದ ವಿಷಯದಲ್ಲಿಯೂ ಹಾಗೆಯೇ. ಗಾಡಿಯ ಇಂಜಿನಿನೊಳಗೆ ತಿರುಗುವ ಮ್ಯಾಗ್ನೆಟ್ಟು ಮತ್ತು ಸುರುಳಿ ಎಷ್ಟು ವಿದ್ಯುತ್ತನ್ನು ಹುಟ್ಟಿಸುತ್ತದೋ ಅಷ್ಟನ್ನೇ ನಾವು ಖರ್ಚು ಮಾಡಬೇಕು. ಬ್ಯಾಟರಿಯೆಂಬುದು ಬಾವಿಯಲ್ಲ, ಬರೀ ತೊಟ್ಟಿ. ನಮ್ಮಲ್ಲಿ ಹೆಚ್ಚಾಗಿರುವ 100 ಸಿ.ಸಿ. ಗಾಡಿಗಳ ಬ್ಯಾಟರಿ ಸಾಮಾನ್ಯವಾಗಿ 12 ವೋಲ್ಟು, 3 ಆಂಪಿಯರ್-ಅವರಿನ ಆಸುಪಾಸಿನದು. 36 ವಾಟಿನ ದೀಪ 12 ವೋಲ್ಟಿನಲ್ಲಿ 3 ಆಂಪಿಯರ್ ಎಳೆಯುತ್ತದೆ. ಇಂಜಿನ್ ನಿಲ್ಲಿಸಿ ದೀಪ ಹಚ್ಚಿಟ್ಟು ರಸ್ತೆಯಲ್ಲಿ ಮಾತಾಡುತ್ತಾ ನಿಂತರೆ ಲೆಕ್ಕದಲ್ಲಿ ಒಂದು ತಾಸು. ಹಳೆಯ ಬ್ಯಾಟರಿಯಾದರೆ ಕಾಲು ತಾಸಿಗೇ ಸೆಲ್ಫ್ ಸ್ಟಾರ್ಟರು ಮೌನ.

ಹಿಂದಿನವರ ಕಷ್ಟ ಇದಕ್ಕಿಂತ ಹೆಚ್ಚಿನದು. ಮೊದಮೊದಲಿನ ಮೋಟಾರ್ ಸೈಕಲ್ಲುಗಳಲ್ಲಿ ಕಾರ್ಬೈಡಿನ ಮೇಲೆ ನೀರು ತೊಟ್ಟಿಕ್ಕಿಸಿ, ಹುಟ್ಟಿದ ಅನಿಲವನ್ನು ಉರಿಸುವ ದೀಪವಿತ್ತು. ಆಮೇಲೆ 6 ವೋಲ್ಟಿನ ಕಾಲ ಬಂತು. 1960ರ ದಶಕದ ಆರಂಭದಿಂದ 1996ರ ತನಕ ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಗಾಡಿಗಳಲ್ಲಿ ಬಹಳಷ್ಟು 6 ವೋಲ್ಟಿನವು. ರಾಜದೂತ್ ಕೂಡ ಅದೇ ಸಾಲಿನದು. ಆ ದೀಪದ ಬೆಳಕಿನಲ್ಲಿ ಆಟ ನೋಡಿ ಬೆಳಗಿನ ಜಾವ ಮನೆಗೆ ಬಂದವರು ನಮ್ಮಲ್ಲಿ ಈಗಲೂ ಇದ್ದಾರೆ. ಅವರ ಹಿರಿಯರು ಅದೇ ದಾರಿಯಲ್ಲಿ ಸೂಡಿ ಬೀಸುತ್ತ ನಡೆದು ಬಂದಿದ್ದರು. ಅಂಥ ಹಳೆಯ ಗಾಡಿಯನ್ನು ಇನ್ನೂ ಪ್ರೀತಿಯಿಂದ ಇಟ್ಟುಕೊಂಡವರು ಒಂದು ಮಾತು ನೆನಪಿಡಬೇಕು. ಅಷ್ಟೇ ವಾಟಿನ ದೀಪಕ್ಕೆ 6 ವೋಲ್ಟಿನಲ್ಲಿ ಎರಡು ಪಟ್ಟು ಆಂಪಿಯರ್ ಬೇಕು. ವಾಯರಿನಲ್ಲಿ ಸೋರುವ ವೋಲ್ಟೂ ಎರಡು ಪಟ್ಟಾಗುತ್ತದೆ, ಆದರೆ ಇರುವ ವೋಲ್ಟು ಅರ್ಧ. ಅರ್ಧ ಚದರ ಮಿಲಿಮೀಟರಿನ ಸಪೂರ ವಾಯರಿನಲ್ಲಿ ಹೋಗಿಬರುವ ದೂರ 3 ಮೀಟರು ಎಂದು ಹಿಡಿದರೆ, 36 ವಾಟಿನ ದೀಪಕ್ಕೆ 6 ವೋಲ್ಟಿನಲ್ಲಿ ಸುಮಾರು ಹತ್ತರಲ್ಲೊಂದು ಪಾಲು ವೋಲ್ಟು ದಾರಿಯಲ್ಲೇ ನಷ್ಟ. ತಂತಿ ಉರಿಯುವ ಬಲ್ಬಿಗೆ ವೋಲ್ಟು ಹತ್ತರಲ್ಲೊಂದು ಪಾಲು ಕಡಿಮೆಯಾದರೆ ಬೆಳಕು ಹತ್ತರಲ್ಲಿ ಮೂರು ಪಾಲು ಕಡಿಮೆಯಾಗುತ್ತದೆ. ಗಾಡಿಯ ದೀಪ ಮಂಕಾಗಿದೆಯೆಂದು ಹೊಸ ದೀಪ ತರುವ ಮೊದಲು ಹಳೆಯ ದೀಪದ ವಾಯರು, ಅರ್ಥಿಂಗು, ಪ್ರತಿಫಲಕದ ಹೊಳಪು ಇವನ್ನು ನೋಡಬೇಕೆಂದು ನಾನು ಹೇಳುವುದು ಇದಕ್ಕಾಗಿ. ಎಷ್ಟೋ ಸಲ ಅಷ್ಟರಲ್ಲೇ ಕೆಲಸ ಮುಗಿಯುತ್ತದೆ.

ಅಂಗಡಿಯ ಡಬ್ಬದ ಮೇಲೆ ಬರೆದ ವಾಟನ್ನು ಪೂರ್ತಿ ನಂಬಬಾರದು. ನಾನು ತಂದ ಜೋಡಿಯ ಮೇಲೆ 40 ವಾಟು ಎಂದಿತ್ತು. ಮಲ್ಟಿಮೀಟರಿನ 10 ಆಂಪಿಯರಿನ ತೂತಿಗೆ ಕಡ್ಡಿ ಸಿಕ್ಕಿಸಿ ಅಳೆದಾಗ ಎರಡೂ ಸೇರಿ ಎಳೆದದ್ದು ಒಂದು ಆಂಪಿಯರಿಗಿಂತ ತುಸು ಮೇಲೆ, ಅಂದರೆ 15 ವಾಟಿನ ಒಳಗೆ. ಮೋಸವಾಯಿತೆಂದು ಬೇಸರವಾದರೂ ನನ್ನ ಸಣ್ಣ ಗಾಡಿಗೆ ಅದೇ ಸರಿಹೋಯಿತು.

ಗಾಡಿ ತಡೆಯುತ್ತದೋ ಇಲ್ಲವೋ ತಿಳಿಯಲು ಅದೇ ಮಲ್ಟಿಮೀಟರು ಸಾಕು. ರಾತ್ರಿಯಿಡೀ ಸುಮ್ಮನಿದ್ದ ಬ್ಯಾಟರಿ ಬೆಳಿಗ್ಗೆ 12.6 ವೋಲ್ಟಿನ ಹತ್ತಿರ ತೋರಿಸಬೇಕು. ಇಂಜಿನ್ ಚಾಲೂ ಮಾಡಿ, ಊರ ರಸ್ತೆಯಲ್ಲಿ ಓಡುವಷ್ಟು ಆಕ್ಸಿಲರೇಟರು ಕೊಟ್ಟು, ಎಲ್ಲ ದೀಪ ಹಚ್ಚಿ, ಬ್ರೇಕನ್ನೂ ಒತ್ತಿ ಹಿಡಿದಾಗ ಬ್ಯಾಟರಿಯ ಎರಡು ತುದಿಗಳ ನಡುವೆ 13.5ರಿಂದ 14.5 ವೋಲ್ಟು ಇದ್ದರೆ ಚಿಂತೆಯಿಲ್ಲ. 13ಕ್ಕಿಂತ ಕೆಳಗೆ ಬಂದರೆ ಆ ದೀಪ ಆ ಗಾಡಿಗಲ್ಲ.

ಹೆಡ್‌ಲೈಟಿನ ವಾಯರಿಗೆ ಯಾಕೆ ಸೇರಿಸಬಾರದು

ನನ್ನ ದೀಪಗಳಲ್ಲಿ ಒಂದು ಎರಡನೆಯ ದಿನವೇ ಮಿಣಮಿಣ ಎನ್ನತೊಡಗಿತ್ತು. ಕಾರಣ ಆಗ ತಿಳಿಯಲಿಲ್ಲ. ನಮ್ಮಲ್ಲಿ ಓಡುವ ಹಳೆಯ 100 ಸಿ.ಸಿ. ಗಾಡಿಗಳಲ್ಲಿ ಬಹಳಷ್ಟರ ಹೆಡ್‌ಲೈಟು ಬ್ಯಾಟರಿಯಿಂದ ಉರಿಯುವುದಿಲ್ಲ. ಮ್ಯಾಗ್ನೆಟ್ಟಿನ ಸುರುಳಿಯಿಂದ ನೇರವಾಗಿ, ದಿಕ್ಕು ಬದಲಾಯಿಸುತ್ತ ಬರುವ ಎ.ಸಿ. ವಿದ್ಯುತ್ತಿನಿಂದ ಉರಿಯುತ್ತದೆ. ಅದಕ್ಕಾಗಿಯೇ ಆಕ್ಸಿಲರೇಟರು ತಿರುಗಿಸಿದರೆ ಬೆಳಕು ಹೆಚ್ಚು, ಗುಂಡಿಯಲ್ಲಿ ನಿಧಾನ ಮಾಡಿದರೆ, ಬೆಳಕು ಬೇಕಾದ ಹೊತ್ತಿಗೇ, ಕಡಿಮೆ. ಬ್ಯಾಟರಿಯ ಡಿ.ಸಿ. ವಿದ್ಯುತ್ತಿಗೆಂದು ಮಾಡಿದ ಎಲ್.ಇ.ಡಿ. ದೀಪವನ್ನು ಈ ವಾಯರಿಗೆ ಕಟ್ಟಿದರೆ ಅದು ಮಿಣುಕುತ್ತದೆ, ಕೆಲವು ದಿನದಲ್ಲಿ ಸಾಯುತ್ತದೆ. ರಿಲೇಯನ್ನು ಕಟ್ಟಿದರೆ ಮಿಡತೆಯಂತೆ ಕಿರಕಿರ ಎನ್ನುತ್ತದೆ. ನಿಮ್ಮ ಗಾಡಿ ಯಾವ ಜಾತಿಯದು ಎಂದು ನೋಡಲು ಕತ್ತಲೆಯಲ್ಲಿ ಗೋಡೆಯ ಮುಂದೆ ನಿಲ್ಲಿಸಿ ಇಂಜಿನನ್ನು ನಿಧಾನಕ್ಕೂ ಜೋರಿಗೂ ಓಡಿಸಿರಿ. ಬೆಳಕು ಉಸಿರಾಡಿದಂತೆ ಏರಿಳಿದರೆ ಎ.ಸಿ. ಎಂದು ತಿಳಿಯಿರಿ. 2017ರ ಏಪ್ರಿಲಿನಿಂದ ಹೊಸ ಗಾಡಿಗಳಲ್ಲಿ ಇಂಜಿನ್ ಚಾಲೂ ಇರುವಾಗ ಹೆಡ್‌ಲೈಟು ತಾನಾಗಿ ಉರಿಯುವ ವ್ಯವಸ್ಥೆ ಕಡ್ಡಾಯವಾಯಿತು. ಆದ್ದರಿಂದ ಸ್ವಿಚ್ಚು ಹಾಕಿ ತೆಗೆದು ನೋಡುವ ಹಳೆಯ ಪರೀಕ್ಷೆ ಎಲ್ಲ ಗಾಡಿಗೂ ನಡೆಯುವುದಿಲ್ಲ.

ಸರಿಯಾದ ದಾರಿ ಹೀಗೆ. ಬ್ಯಾಟರಿಯ ಪ್ಲಸ್ ತುದಿಯಿಂದ ಒಂದು ಹೊಸ ವಾಯರು ತೆಗೆಯಬೇಕು. ಹೊರಟ ಒಂದು ಗೇಣಿನೊಳಗೆ ಫ್ಯೂಜು ಇರಬೇಕು. 3 ಆಂಪಿಯರಿನ ದೀಪಕ್ಕೆ 5 ಆಂಪಿಯರಿನ ಫ್ಯೂಜು ಸಾಕು. ದೀಪದ ಹತ್ತಿರ ಫ್ಯೂಜು ಹಾಕಿದರೆ ದೀಪ ಉಳಿಯಬಹುದು, ಆದರೆ ನಡುವಿನ ವಾಯರು ಎಲ್ಲಾದರೂ ಉಜ್ಜಿ ಕಬ್ಬಿಣಕ್ಕೆ ತಾಗಿದರೆ ಪೆಟ್ರೋಲ್ ಟ್ಯಾಂಕಿಯ ಕೆಳಗೆ ಬೆಂಕಿ. ಸಣ್ಣ ಬ್ಯಾಟರಿಯೆಂದು ಉದಾಸೀನ ಬೇಡ. ಒಂದು ಕ್ಷಣಕ್ಕೆ ವಾಯರಿನ ಪ್ಲಾಸ್ಟಿಕ್ಕನ್ನು ಕರಗಿಸುವ ಶಕ್ತಿ ಅದಕ್ಕಿದೆ. ಫ್ಯೂಜು ಸುಟ್ಟಾಗ ಸಿಗರೇಟಿನ ಬೆಳ್ಳಿಕಾಗದ ಸುತ್ತುವ ಪದ್ಧತಿ ನಮ್ಮಲ್ಲಿ ಇದೆ. ಅದನ್ನು ಮಾಡುವವರು ಲೇಖನದ ಉಳಿದ ಭಾಗವನ್ನು ಓದುವ ಅಗತ್ಯವಿಲ್ಲ.

ಫ್ಯೂಜಿನಿಂದ ವಾಯರು ರಿಲೇಗೆ ಬರುತ್ತದೆ. ನಾಲ್ಕು ಕಾಲಿನ ರಿಲೇಯ ಅಡಿಯಲ್ಲಿ ಸಣ್ಣ ಅಂಕೆಗಳಿವೆ. 30 ಎಂದಿರುವುದಕ್ಕೆ ಫ್ಯೂಜಿನಿಂದ ಬಂದ ವಾಯರು, 87ರಿಂದ ದೀಪಗಳಿಗೆ, 85ನ್ನು ಬ್ಯಾಟರಿಯ ಮೈನಸ್ಸಿಗೆ, 86ಕ್ಕೆ ಹಿಡಿಕೆಯ ಮೇಲಿನ ಸ್ವಿಚ್ಚಿನಿಂದ. ರಿಲೇಯೆಂದರೆ ದಣಿಯ ಮಾತಿಗೆ ಬಾಗಿಲು ತೆಗೆಯುವ ಆಳು ಇದ್ದಂತೆ. ಸ್ವಿಚ್ಚಿನಲ್ಲಿ ಹರಿಯುವುದು ಬಹಳ ಸಣ್ಣ ವಿದ್ಯುತ್ತು, ಭಾರ ಹೊರುವುದು ರಿಲೇ. ಒಂದು ಆಂಪಿಯರಿನ ಸಣ್ಣ ದೀಪಕ್ಕೆ ರಿಲೇ ಬೇಕೇ ಬೇಕೆಂದೇನೂ ಇಲ್ಲ, ಒಳ್ಳೆಯ ಸ್ವಿಚ್ಚು ನೇರವಾಗಿ ತಡೆದೀತು. ಆದರೂ ನಾನು ಹಾಕಿದೆ. ಮಳೆಯಲ್ಲಿ ನೆನೆಯುವ ಸ್ವಿಚ್ಚಿಗೆ ಎಷ್ಟು ಕಡಿಮೆ ಕೆಲಸವೋ ಅಷ್ಟು ಒಳ್ಳೆಯದು.

ಸ್ವಿಚ್ಚಿಗೆ ವಿದ್ಯುತ್ತು ಎಲ್ಲಿಂದ ತರಬೇಕೆಂಬುದು ಮುಖ್ಯ. ಬ್ಯಾಟರಿಯಿಂದಲೇ ತಂದರೆ ಕೀಲಿ ತೆಗೆದ ಮೇಲೂ ದೀಪ ಉರಿಯುತ್ತದೆ, ಮರೆತರೆ ಬೆಳಿಗ್ಗೆ ಗಾಡಿ ತಳ್ಳಬೇಕು. ಕೀಲಿ ತಿರುಗಿಸಿದಾಗ ಮಾತ್ರ ಜೀವ ಬರುವ ಡಿ.ಸಿ. ವಾಯರೊಂದನ್ನು ಮಲ್ಟಿಮೀಟರಿನಿಂದ ಹುಡುಕಿ ಅದರಿಂದ ತರಬೇಕು. ಹೆಡ್‌ಲೈಟೂ ಡಿ.ಸಿ. ಇರುವ ಗಾಡಿಯಾದರೆ ಇನ್ನೂ ಒಂದು ಉಪಾಯವಿದೆ. ದೂರಕ್ಕೆ ಚುಚ್ಚುವ ಜಾತಿಯ ದೀಪ ಕಟ್ಟುವವರು ಸ್ವಿಚ್ಚಿನ ವಿದ್ಯುತ್ತನ್ನು ಹೆಡ್‌ಲೈಟಿನ ಮೇಲು ಬೆಳಕಿನ ವಾಯರಿನಿಂದ ತಂದರೆ, ಎದುರು ಗಾಡಿ ಬಂದಾಗ ಡಿಪ್ಪರು ಒತ್ತಿದ ಕೂಡಲೇ ಮೂರೂ ದೀಪ ಒಟ್ಟಿಗೆ ತಗ್ಗುತ್ತವೆ. ಬೇರೆ ಸ್ವಿಚ್ಚು ಹುಡುಕುವ ಕೆಲಸವೇ ಇಲ್ಲ. ಅಗಲವಾಗಿ, ತಗ್ಗಾಗಿ ಹರಡುವ ಮಂಜಿನ ದೀಪಕ್ಕೆ ಈ ಉಪಾಯ ಆಗದು, ಅದು ಕೆಳ ಬೆಳಕಿನ ಜೊತೆಗೇ ಬೇಕಾಗುತ್ತದೆ. ಅದಕ್ಕೆ ಎಡಗೈ ಹೆಬ್ಬೆರಳಿಗೆ ಸಿಗುವಂತೆ ಸ್ವಿಚ್ಚು ಇಡಬೇಕು. ಬಲಗೈ ಆಕ್ಸಿಲರೇಟರಿನಿಂದ ಬಿಡುವಂತಾಗಬಾರದು.

ಮೈಲುತುತ್ತಿನ ಬಣ್ಣ

ವಾಯರು ಗಾಡಿಗೆಂದೇ ಮಾರುವ, ಹಲವು ಎಳೆಗಳ, ಒಂದು ಚದರ ಮಿಲಿಮೀಟರಿನದು ಇರಲಿ. ಮನೆಯ ವಾಯರಿಂಗಿನಲ್ಲಿ ಉಳಿದ ಒಂಟಿ ಎಳೆಯ ವಾಯರು ಗಾಡಿಯ ನಡುಕಕ್ಕೆ ಒಳಗೇ ಮುರಿಯುತ್ತದೆ, ಹೊರಗೆ ಕಾಣುವುದಿಲ್ಲ. ಎರಡು ವಾಯರುಗಳನ್ನು ತಿರುಚಿ ಟೇಪು ಸುತ್ತುವುದು ಬೇಸಿಗೆಯ ಮಟ್ಟಿಗೆ ನಡೆಯುತ್ತದೆ. ನಮ್ಮ ಮಳೆಯಲ್ಲಿ ಟೇಪಿನ ಅಂಟು ಬಿಟ್ಟು ನೀರು ಒಳಗೆ ಸೇರುತ್ತದೆ. ಒಂದು ಮಳೆಗಾಲ ಕಳೆದ ಮೇಲೆ ಅಂಥ ಗಂಟನ್ನು ಬಿಚ್ಚಿ ನೋಡಿದರೆ ತಾಮ್ರದ ಮೇಲೆ ಹಸಿರು ನೀಲಿ ಹುಡಿ. ಆ ಬಣ್ಣದ ಪರಿಚಯ ಬೆಳೆಗಾರರಿಗೆ ಹೇಳಿಕೊಡಬೇಕಿಲ್ಲ. ಕೊಳೆ ಔಷಧಕ್ಕೆ ಮೈಲುತುತ್ತ ಕರಗಿಸುವವರು ನಾವು. ದ್ರಾವಣದಲ್ಲಿ ಕತ್ತಿಯ ಅಲಗು ಅದ್ದಿ ಕೆಂಪು ಹಿಡಿಯಿತೆಂದರೆ ಇನ್ನಷ್ಟು ಸುಣ್ಣ ಸೇರಿಸುತ್ತೇವಲ್ಲ, ತಾಮ್ರ, ಕಬ್ಬಿಣ, ನೀರು ಸೇರಿದರೆ ಒಂದನ್ನೊಂದು ತಿನ್ನುತ್ತವೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಔಷಧ ಹೊಡೆದ ದಿನ ಅದೇ ಕೈಯಲ್ಲಿ, ಅದೇ ಡ್ರಮ್ಮನ್ನು ಹೊತ್ತು ಗಾಡಿ ಓಡಿಸುವವರು ಮನೆಗೆ ಬಂದು ದೀಪದ ಜೋಡಣೆಗೂ ಒಂದು ಚೊಂಬು ಒಳ್ಳೆಯ ನೀರು ಹೊಯ್ಯಬೇಕು.

ಆದ್ದರಿಂದ ಗಂಟನ್ನು ಬೆಸುಗೆ ಹಾಕಿ, ಕಾಸಿದರೆ ಕುಗ್ಗಿ ಕೂರುವ ರಬ್ಬರಿನಂಥ ನಳಿಗೆ ತೊಡಿಸಬೇಕು. ಅದು ಸಿಗದಿದ್ದರೆ ಒಳ್ಳೆಯ ಕಚ್ಚುವ ಕನೆಕ್ಟರು ಹಾಕಿ ವ್ಯಾಸಲೀನು ತುಂಬಿದರೂ ಸರಿ. ರಿಲೇಯ ಕಾಲು ಕೆಳಮುಖವಾಗಿರಲಿ, ವಾಯರು ದೀಪಕ್ಕೆ ಸೇರುವ ಮೊದಲು ಸ್ವಲ್ಪ ಕೆಳಗೆ ಇಳಿದು ಮತ್ತೆ ಮೇಲೇರಲಿ, ಆಗ ಹರಿದು ಬಂದ ನೀರು ತಗ್ಗಿನಲ್ಲಿ ತೊಟ್ಟಿಕ್ಕಿ ಹೋಗುತ್ತದೆ. ಹಿಡಿಕೆಯ ಕುತ್ತಿಗೆಯ ಬಳಿ ವಾಯರು ಸಡಿಲವಾಗಿರಬೇಕು. ಕಟ್ಟಿದ ಮೇಲೆ ಹಿಡಿಕೆಯನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ಎಲ್ಲೂ ಎಳೆಯುವುದಿಲ್ಲ ಎಂದು ನೋಡಬೇಕು. ವಾಯರು ಕಡಿಯುವುದು ಹೆಚ್ಚಾಗಿ ಅಲ್ಲಿಯೇ. ದೀಪದ ಮೈನಸ್ಸನ್ನು ಬಣ್ಣ ಬಳಿದ ಕಾಲುಗಾರ್ಡಿಗೆ ಬಿಗಿದು ಬಿಡಬಾರದು, ಬಣ್ಣ ವಿದ್ಯುತ್ತನ್ನು ಬಿಡುವುದಿಲ್ಲ, ಬಣ್ಣ ಹೋದಲ್ಲಿ ತುಕ್ಕು. ಅದಕ್ಕೂ ಒಂದು ವಾಯರನ್ನು ಬ್ಯಾಟರಿಯ ತನಕ ತಂದರೆ ಮುಂದಿನ ಅರ್ಧ ತಾಪತ್ರಯ ತಪ್ಪುತ್ತದೆ. ಕೆಲಸ ಮಾಡುವಾಗ ಬ್ಯಾಟರಿಯ ಮೈನಸ್ ತುದಿಯನ್ನು ಮೊದಲು ಬಿಚ್ಚಿ, ಕೊನೆಗೆ ಕಟ್ಟಬೇಕು.

ಇಲಿಗಳ ಮಾತು ಬಿಡುವಂತಿಲ್ಲ. ಅಡಿಕೆ ಚೀಲವಿಡುವ ಮನೆಯಲ್ಲಿ, ಕೊಟ್ಟಿಗೆಯಲ್ಲಿ ಗಾಡಿ ನಿಲ್ಲಿಸುವವರು ನಾವು. ಹೊಸ ವಾಯರಿನ ಪ್ಲಾಸ್ಟಿಕ್ಕನ್ನು ಅವು ಹದಿನೈದು ದಿನದಲ್ಲಿ ಕಂಡುಹಿಡಿಯುತ್ತವೆ. ಸುಕ್ಕು ಸುಕ್ಕಾದ ಪ್ಲಾಸ್ಟಿಕ್ ಕೊಳವೆಯೊಳಗೆ ವಾಯರನ್ನು ಹಾಯಿಸಿದ ಮೇಲೆ ನನ್ನ ಗಾಡಿಯಲ್ಲಿ ಆ ಕಾಟ ನಿಂತಿದೆ.

ಎಲ್ಲಿ ಕಟ್ಟಬೇಕು, ಯಾವ ಬಣ್ಣ

ಹೆಡ್‌ಲೈಟು ಇರುವುದು ನಮ್ಮ ಎದೆಯ ಮುಂದೆ. ಅದರ ಪಕ್ಕದಲ್ಲಿಯೇ, ಹಿಡಿಕೆಯ ಮೇಲೆ, ಇನ್ನೆರಡು ದೀಪ ಕಟ್ಟಿದರೆ ಅದೇ ಬೆಳಕು ಹೆಚ್ಚಾಗುತ್ತದೆಯೇ ಹೊರತು ಹೊಸದೇನೂ ಕಾಣುವುದಿಲ್ಲ. ಡಿಸೆಂಬರು, ಜನವರಿಯ ಬೆಳಗಿನ ಜಾವ ಹಳ್ಳದ ತಗ್ಗಿನಲ್ಲಿ ಮಂಜು ಕಟ್ಟಿದಾಗಲಂತೂ ಕಣ್ಣಿನ ಹತ್ತಿರದ ದೀಪ ಬೆಳ್ಳಗಿನ ಗೋಡೆಯನ್ನು ಎಬ್ಬಿಸುತ್ತದೆ. ದೀಪ ಕಣ್ಣಿನಿಂದ ಎಷ್ಟು ಕೆಳಗಿದ್ದರೆ ಅಷ್ಟು ಒಳ್ಳೆಯದು. ಕಾಲುಗಾರ್ಡಿನ ಮೇಲೆ, ನೆಲದಿಂದ ಅರ್ಧ ಮೀಟರಿನ ಎತ್ತರದಲ್ಲಿ ಕಟ್ಟಿದ ದೀಪ ರಸ್ತೆಯ ಮೇಲೆ ಓರೆಯಾಗಿ ಹರಿಯುತ್ತದೆ. ಗುಂಡಿಯ ಅಂಚು, ಬಿದ್ದ ಕಲ್ಲು, ಮಳೆಗೆ ಕೊರೆದ ರಸ್ತೆಯ ಬದಿ, ಎಲ್ಲದಕ್ಕೂ ಉದ್ದನೆಯ ನೆರಳು ಬೀಳುತ್ತದೆ. ನಮ್ಮ ಕಣ್ಣು ಗುಂಡಿಯನ್ನು ಗುರುತಿಸುವುದು ಈ ನೆರಳಿನಿಂದ.

ಹಳದಿ ಬೆಳಕು ಮಂಜನ್ನು ಭೇದಿಸಿಕೊಂಡು ಹೋಗುತ್ತದೆ ಎಂಬ ನಂಬಿಕೆ ಇದೆ. ಮಂಜಿನ ಹನಿ ಬೆಳಕಿನ ಅಲೆಗಿಂತ ಬಹಳ ದೊಡ್ಡದು, ಅದು ಎಲ್ಲ ಬಣ್ಣವನ್ನೂ ಹೆಚ್ಚು ಕಡಿಮೆ ಒಂದೇ ರೀತಿ ಚದುರಿಸುತ್ತದೆ. ಫ್ರಾನ್ಸ್ ದೇಶದಲ್ಲಿ 1930ರ ದಶಕದಿಂದ 1993ರವರೆಗೆ ವಾಹನಗಳ ಮುಂದಿನ ದೀಪ ಹಳದಿಯಾಗಿಯೇ ಇರಬೇಕೆಂಬ ಕಾನೂನಿತ್ತು, ಆಮೇಲೆ ಅವರೂ ಬಿಟ್ಟರು. ಆದರೂ ನೀಲಿ ಬೆರೆತ ಬಿಳಿ ಬೆಳಕಿಗಿಂತ ಹಳದಿ ಕಣ್ಣಿಗೆ ಹಿತವೆಂಬುದು ನನ್ನ ಅನುಭವ. ಬೆಳಕು ಕತ್ತರಿಸಿದಂತೆ ಮೇಲಂಚು ಇರುವ ದೀಪ ಸಿಕ್ಕರೆ ಬಣ್ಣ ಯಾವುದಾದರೂ ಅದನ್ನೇ ಕೊಳ್ಳಬೇಕು. ಸುತ್ತಲೂ ಚೆಲ್ಲುವ, ಟ್ರ್ಯಾಕ್ಟರಿಗೋ ಅಂಗಳಕ್ಕೋ ಮಾಡಿದ ದೀಪಗಳು ಅಗ್ಗಕ್ಕೆ ಸಿಗುತ್ತವೆ, ರಸ್ತೆಗೆ ಅವು ಬೇಡ.

ಗೋಡೆಯ ಮೇಲಿನ ಗೆರೆ

ಇನ್ನು ಹೊಂದಾಣಿಕೆಯ ವಿಷಯ. ಮೇಲಿನದರಲ್ಲಿ ಏನು ತಪ್ಪಾದರೂ ಕೆಡುವುದು ನಮ್ಮ ಗಾಡಿ. ಇದರಲ್ಲಿ ತಪ್ಪಾದರೆ ಬೀಳುವುದು ಎದುರಿನವರು.

ಸಮನಾದ ಅಂಗಳದಲ್ಲಿ ಗೋಡೆಯಿಂದ 5 ಮೀಟರು ದೂರಕ್ಕೆ, ಅಂದರೆ ಹದಿನಾರು ಅಡಿಗಿಂತ ತುಸು ಹೆಚ್ಚು, ಗಾಡಿಯನ್ನು ನೇರವಾಗಿ ನಿಲ್ಲಿಸಬೇಕು. ಸ್ಟ್ಯಾಂಡ್ ಹಾಕಬಾರದು. ಗಾಳಿ ಸರಿಯಾಗಿರಬೇಕು, ನೀವು ಮೇಲೆ ಕುಳಿತಿರಬೇಕು. ದೀಪದ ನಡುಬಿಂದುವಿನ ಎತ್ತರವನ್ನು ಅಳೆದು ಗೋಡೆಯ ಮೇಲೆ ಅಷ್ಟೇ ಎತ್ತರಕ್ಕೆ ಸುಣ್ಣದ ಗೆರೆ ಎಳೆಯಿರಿ. ಅದರ ಕೆಳಗೆ 10 ಸೆಂಟಿಮೀಟರಿಗೆ ಇನ್ನೊಂದು ಗೆರೆ. ಬೆಳಕಿನ ದಟ್ಟ ಭಾಗದ ಮೇಲಂಚು ಕೆಳಗಿನ ಗೆರೆಯನ್ನು ದಾಟಬಾರದು. ಅಂದರೆ ಬೆಳಕು ಮೀಟರಿಗೆ 2 ಸೆಂಟಿಮೀಟರಿನಂತೆ ಇಳಿಯುತ್ತದೆ, ಅರ್ಧ ಮೀಟರು ಎತ್ತರದ ದೀಪ 25 ಮೀಟರು ದೂರದಲ್ಲಿ ನೆಲ ಮುಟ್ಟುತ್ತದೆ. ಎಡದ ದೀಪವನ್ನು ತುಸು ಎಡಕ್ಕೆ, ರಸ್ತೆಯ ಅಂಚಿಗೆ ತಿರುಗಿಸಬಹುದು. ಬಲದ ದೀಪವನ್ನು ಬಲಕ್ಕೆ ಮಾತ್ರ ತಿರುಗಿಸಬಾರದು.

ಇಷ್ಟು ತಗ್ಗಿಸಿದರೆ ದೂರ ಕಾಣುವುದಿಲ್ಲವಲ್ಲ ಎನ್ನುವವರಿದ್ದಾರೆ. ನಿಜ, ದೂರಕ್ಕೆ ಹೆಡ್‌ಲೈಟೇ ಬೇಕು. ಗಂಟೆಗೆ 40 ಕಿಲೋಮೀಟರಿನಲ್ಲಿ ಗಾಡಿ ಸೆಕೆಂಡಿಗೆ 11 ಮೀಟರು ಓಡುತ್ತದೆ. ಎಮ್ಮೆ ಕಂಡು ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡು, ಅಂದರೆ 17 ಮೀಟರು ಹೋಯಿತು. ಒದ್ದೆ ರಸ್ತೆಯಲ್ಲಿ ನಿಲ್ಲಲು ಇನ್ನೊಂದು 16 ಮೀಟರು. ಒಟ್ಟು 33. ಗಂಟೆಗೆ 30 ಕಿಲೋಮೀಟರಿನಲ್ಲಾದರೆ 22 ಮೀಟರಿನೊಳಗೆ ನಿಲ್ಲಬಹುದು. 25 ಮೀಟರಿನ ದೀಪವನ್ನೇ ನಂಬಿ ಮಂಜಿನಲ್ಲಿ ಹೋಗುವವನ ವೇಗ ಇದರಿಂದಲೇ ತಿಳಿಯುತ್ತದೆ. ದೀಪ ಎರಡು ಹೆಚ್ಚಾದವೆಂದು ದೇವಿಮನೆ ಘಟ್ಟದಲ್ಲಿ ವೇಗವನ್ನೂ ಹೆಚ್ಚಿಸಿದರೆ ದೀಪ ಕಟ್ಟಿಸಿದ ಲಾಭ ಅಲ್ಲಿಗೇ ಮುಗಿಯಿತು.

ಇನ್ನು ನನ್ನ ಅರ್ಧ ಚೀಲದ ಕಥೆ. ಗ್ಯಾರೇಜಿನಲ್ಲಿ ದೀಪವನ್ನು ನೆಲಕ್ಕೆ ಸಮಾನಾಂತರವಾಗಿ ಬಿಗಿದಿದ್ದರು. ಗಾಡಿಯ ಎರಡು ಗಾಲಿಗಳ ನಡುವಿನ ಅಂತರ ಸುಮಾರು 125 ಸೆಂಟಿಮೀಟರು. ಹಿಂದೆ ಭಾರ ಹೇರಿದಾಗ ಹಿಂದಿನ ಸ್ಪ್ರಿಂಗು ಮುಂದಿನದಕ್ಕಿಂತ 4 ಸೆಂಟಿಮೀಟರು ಹೆಚ್ಚು ಕುಗ್ಗಿತು. ಆಮೇಲೆ ಚೀಲ ಕಟ್ಟಿ ಅಳೆದು ನೋಡಿದ್ದೇನೆ. ಅಂದರೆ ಮುಖ ಮೇಲೆದ್ದು, ಬೆಳಕು ಮೀಟರಿಗೆ 3 ಸೆಂಟಿಮೀಟರಿಗಿಂತ ಹೆಚ್ಚು ಏರುತ್ತ ಹೋಗುತ್ತದೆ. ಅರ್ಧ ಮೀಟರಿನಲ್ಲಿ ಹೊರಟ ಬೆಳಕು 30 ಮೀಟರು ದೂರದಲ್ಲಿ ಸುಮಾರು ಒಂದೂವರೆ ಮೀಟರಿನ ಎತ್ತರಕ್ಕೆ ಬಂತು. ಮೊಪೆಡ್ಡಿನ ಮೇಲೆ ಕುಳಿತವರ ಕಣ್ಣಿರುವುದು ಹೆಚ್ಚು ಕಡಿಮೆ ಅಲ್ಲಿಯೇ. ಕಣ್ಣು ಕುಕ್ಕಿದ ಮೇಲೆ ಮತ್ತೆ ರಸ್ತೆ ಕಾಣಲು ಹಲವು ಸೆಕೆಂಡು ಬೇಕು, ವಯಸ್ಸಾದವರಿಗೆ ಇನ್ನೂ ಹೆಚ್ಚು. ಮೂರೇ ಸೆಕೆಂಡು ಎಂದರೂ, ಅಷ್ಟರಲ್ಲಿ ಅವರು ಇಪ್ಪತ್ತು ಮೀಟರು ಕುರುಡಾಗಿ ಬಂದಿದ್ದರು.

ಆದ್ದರಿಂದ ನೀವು ರಾತ್ರಿ ಸಾಮಾನ್ಯವಾಗಿ ಯಾವ ಭಾರ ಹೇರುತ್ತೀರೋ ಅದನ್ನು ಹೇರಿಕೊಂಡೇ ಗೋಡೆಯ ಮುಂದೆ ಹೊಂದಿಸಬೇಕು. ಹಿಂದೆ ಮನೆಯವರು ಕೂರುವುದಾದರೆ ಅವರನ್ನೂ ಕೂರಿಸಬೇಕು. ಭಾರವಿಲ್ಲದ ದಿನ ಬೆಳಕು ಸ್ವಲ್ಪ ಹತ್ತಿರಕ್ಕೆ ಬೀಳುತ್ತದೆ, ಬೀಳಲಿ. ಬೋಲ್ಟಿಗೆ ಸ್ಪ್ರಿಂಗ್ ವಾಷರು ಅಥವಾ ಒಳಗೆ ನೈಲಾನ್ ಬಳೆಯಿರುವ ನಟ್ಟು ಹಾಕಿ ಬಿಗಿಯಿರಿ, ಮಣ್ಣಿನ ರಸ್ತೆಯ ನಡುಕಕ್ಕೆ ಬರೀ ನಟ್ಟು ತಿಂಗಳೊಳಗೆ ಸಡಿಲವಾಗುತ್ತದೆ.

ಕಾನೂನಿನ ಮಾತನ್ನೂ ಹೇಳಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೆಯ ನಿಯಮದಂತೆ ಮುಂದಿನ ದೀಪದ ಬೆಳಕು, ಸಮನೆಲದಲ್ಲಿ 8 ಮೀಟರು ದೂರ ನಿಂತ, ಒಂದೂವರೆ ಮೀಟರು ಎತ್ತರದಲ್ಲಿ ಕಣ್ಣಿರುವ ಮನುಷ್ಯನನ್ನು ಕುಕ್ಕದಂತೆ ಕೆಳಕ್ಕೆ ಬಾಗಿರಬೇಕು. 111ನೆಯ ನಿಯಮ ಮುಂದುಗಡೆ ಸ್ಪಾಟ್ ಲೈಟು, ಸರ್ಚ್ ಲೈಟುಗಳನ್ನು ಅಪ್ಪಣೆಯಿಲ್ಲದೆ ಹಾಕಬಾರದೆನ್ನುತ್ತದೆ. 2024ರ ಜುಲೈಯಿಂದ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್.ಇ.ಡಿ. ದೀಪದ ವಾಹನಗಳ ಮೇಲೆ ಪ್ರಕರಣ ದಾಖಲಿಸತೊಡಗಿದರು. ಗ್ಯಾರಂಟಿ ಮುಗಿಯದ ಗಾಡಿಯ ಮೂಲ ವಾಯರನ್ನು ಕತ್ತರಿಸಿದರೆ ಕಂಪನಿಯವರು ತಕರಾರು ಮಾಡಬಹುದು, ಅದಕ್ಕಾಗಿಯೂ ಬೇರೆ ವಾಯರು ಎಳೆಯುವುದೇ ಲೇಸು. ಆದರೆ ನಿಯಮದ ಆ ಸಮನೆಲ ನಮ್ಮ ಕಡೆ ಎಲ್ಲಿದೆ? ಏರು ಹತ್ತಿ ಬರುವ ಗಾಡಿಯ ದೀಪ ಎಷ್ಟೇ ತಗ್ಗಿಸಿದರೂ ದಿಬ್ಬದ ಆಚೆಯವರ ಕಣ್ಣಿಗೆ ಹೋಗುತ್ತದೆ. ಶಾಲೆಯಿಂದ ಬರುವ ಮಕ್ಕಳ ಕಣ್ಣು ಒಂದೂವರೆ ಮೀಟರಿನಲ್ಲಿಲ್ಲ. ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ಬದಿಗೆ ನಡೆಯುವವರು ಬೆಳಕಿಗೆ ಮುಖ ತಿರುಗಿಸಲೂ ಆರರು. ಎದುರಿಗೆ ಬೆಳಕಿನ ಸುಳಿವು ಕಂಡ ಕೂಡಲೇ, ಆಸಾಮಿ ಕಾಣುವ ಮೊದಲೇ, ಹೆಬ್ಬೆರಳು ಸ್ವಿಚ್ಚಿಗೆ ಹೋಗಬೇಕು. ನನಗೆ ಅದು ಅಭ್ಯಾಸವಾಗಲು ಒಂದು ತಿಂಗಳು ಹಿಡಿಯಿತು.

ಮಳೆಗಾಲದ ಮುಂಚೆ ಒಮ್ಮೆ, ಕೊನೆಕೊಯ್ಲಿನ ಮುಂಚೆ ಒಮ್ಮೆ ಗಂಟುಗಳನ್ನು ನೋಡಿ, ಗಾಜು ಒರೆಸಿ, ಗೋಡೆಯ ಮುಂದೆ ಮತ್ತೆ ನಿಲ್ಲಿಸಿದರೆ ಸಾಕು. ನಮ್ಮ ಕೊಟ್ಟಿಗೆಯ ಗೋಡೆಯ ಮೇಲೆ ಆ ಎರಡು ಸುಣ್ಣದ ಗೆರೆಗಳು ಹಾಗೆಯೇ ಇವೆ. ಕಳೆದ ವರ್ಷ ಭುಜ ಮುರಿದುಕೊಂಡವರೇ ತಮ್ಮ ಮೊಪೆಡ್ಡಿಗೊಂದು ಸಣ್ಣ ದೀಪ ತಂದರು. ಹಾಲಿನ ಕ್ಯಾನು ತುಂಬಿಸಿ ಕಟ್ಟಿ ಹೊಂದಿಸಿದೆವು, ಅರ್ಧ ಇಂಚು ಮೇಲಿತ್ತು, ತಗ್ಗಿಸಿದೆವು. ಹತ್ತಿರದ ಸದಸ್ಯರು ಸಂಜೆ ಕತ್ತಲಾದ ಮೇಲೆ ಗಾಡಿ ತಂದರೆ ಮಲ್ಟಿಮೀಟರು ನನ್ನಲ್ಲಿದೆ. ಹಿಂದೆ ಕಟ್ಟಲು ಅರ್ಧ ಚೀಲ ಅಡಿಕೆಯನ್ನು ಮಾತ್ರ ಅವರವರೇ ತರಬೇಕು.